ಹದಿನಾಲ್ಕನೆಯ ದಿನ ಎದ್ದ ಕೈ

ಪವಿ, ಅಪ್ಪನ ಕೈಗೆ ನಾನು ವ್ಯಾಯಾಮ ಮಾಡಿಸಲಿಲ್ಲ. ಮಾಡಿಸುತ್ತಿದ್ದೇನೆ ಎಂದು ಏಳು ತಿಂಗಳು ನಿನಗೆ ಸುಳ್ಳು ಹೇಳಿದೆ. ನೀನು ಸ್ಕಾಟ್ಲೆಂಡಿನಿಂದ ಕಳಿಸಿದ ಹಾಳೆಯಲ್ಲಿ ದಿನಕ್ಕೆ ಮೂರು ಸಲದಂತೆ ನಾನು ಹಾಕಿದ ಸರಿ ಗುರುತುಗಳಲ್ಲಿ ಮೊದಲ ಹದಿನಾಲ್ಕು ದಿನದವು ಮಾತ್ರ, ಅದರಲ್ಲೂ ಕೊನೆಯದೊಂದನ್ನು ಬಿಟ್ಟು, ನಿಜ. ಉಳಿದವನ್ನೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು, ಅಪ್ಪನನ್ನು ಮುಟ್ಟದೆ, ಹಾಕಿದ್ದು.

ಮರೆತು ಹೀಗಾದದ್ದಲ್ಲ. ಸುಸ್ತಾಗಿ ಬಿಟ್ಟದ್ದೂ ಅಲ್ಲ. ಸುಸ್ತು ಎಂದು ಬರೆದರೆ ನೀನು ನಂಬುತ್ತೀಯ, ಅದು ನನಗೆ ಗೊತ್ತು — ಅದಕ್ಕೇ ಬರೆಯುವುದಿಲ್ಲ. ಆ ಹದಿನಾಲ್ಕು ದಿನವೂ ಅದೇ ಫ್ಯಾಕ್ಟರಿ ಕೆಲಸ, ಅದೇ ಸುಸ್ತು ಇತ್ತು. ಆದರೂ ಮಾಡಿಸಿದ್ದೆ. ಹದಿನೈದನೆಯ ದಿನ ನಿಲ್ಲಿಸಿದ್ದು ಬೇರೆ ಕಾರಣಕ್ಕೆ. ಆ ಕಾರಣವನ್ನು ಹೇಳಲು ನಾಲ್ಕು ವರ್ಷದಲ್ಲಿ ಎಷ್ಟು ಸಲ ಬಾಯಿ ತೆರೆದೆನೋ, ಅಷ್ಟು ಸಲವೂ ಊಟ ಆಯ್ತಾ, ಮೆಟ್ರೋ ರಶ್ ಇತ್ತಾ ಎಂದು ಕೇಳಿ ಮುಚ್ಚಿದ್ದೇನೆ. ಅಪ್ಪ ಹೋಗಿಯೇ ಹನ್ನೊಂದು ತಿಂಗಳಾಯಿತು. ಇನ್ನು ಕಾಯುವುದಕ್ಕೆ ನನ್ನ ಬಳಿ ನೆಪವೂ ಉಳಿದಿಲ್ಲ.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯಬೇಕಾಗುತ್ತದೆ. ನಡೆದದ್ದು ನಿನಗೆ ಗೊತ್ತು. ಅದನ್ನು ನಾನು ಎಂಥ ಕಣ್ಣಿನಿಂದ ನೋಡುತ್ತಿದ್ದೆ ಎನ್ನುವುದು ಗೊತ್ತಿಲ್ಲ.

ನಿನಗೆ ಸ್ಕಾಲರ್‌ಶಿಪ್ ಬಂತೆಂದು ತಿಳಿದ ಸಂಜೆ ಅಪ್ಪ ಎರಡು ಡಬ್ಬಿ ಮೈಸೂರು ಪಾಕು ತಂದರಲ್ಲ. ನಮ್ಮ ಬಾಗಲಗುಂಟೆಯ ಆ ಬೀದಿಯಲ್ಲಿ ಒಂದು ಮನೆಯನ್ನೂ ಬಿಡಲಿಲ್ಲ. ಮೂವತ್ತನಾಲ್ಕು ವರ್ಷ ಪೀಣ್ಯದ ಲೇತ್ ಮೆಷಿನ್ನಿನ ಮುಂದೆ ನಿಂತ ಮನುಷ್ಯ, ಅವತ್ತು ಮದುವೆ ಗಂಡಿನ ಹಾಗೆ ಬಿಳಿ ಶರ್ಟು ಹಾಕಿಕೊಂಡಿದ್ದರು. ತಟ್ಟೆ ಹಿಡಿದುಕೊಂಡು ನಾನು ಹಿಂದೆ.

“ಫಿಸಿಯೋಥೆರಪಿ ಕಣಯ್ಯಾ. ಫೀಸು, ಊಟ, ರೂಮು ಎಲ್ಲಾ ಅವ್ರೇ ಕೊಟ್ಟು ಕರೆಸ್ಕೊಂತಾವ್ರೆ. ಅಲ್ಲಿರೋ ಬಿಳೀ ಜನದ ಮೈಕೈ ನೋವಿಗೂ ನಮ್ ಬಾಗಲಗುಂಟೆ ಹುಡ್ಗೀನೇ ಬೇಕಂತೆ ನೋಡು!” ಎಂದು ಎಲ್ಲರನ್ನೂ ನಗಿಸುತ್ತಿದ್ದರು.

ಮೂಲೆಮನೆಯ ಕಿವಿ ಮಂದದ ತಾತ ಕೇಳಿದರು: “ಯಾವ್ ಮಗ್ಳು ಹೋಗ್ತಿರೋದು?”

“ಓದಿದೋಳು,” ಎಂದರು ಅಪ್ಪ.

ಅಷ್ಟೇ. ಅದರಲ್ಲಿ ನನ್ನನ್ನು ನೋಯಿಸುವ ಉದ್ದೇಶವೇನೂ ಇರಲಿಲ್ಲ. ಇಬ್ಬರು ಮಕ್ಕಳು, ಒಬ್ಬಳು ಓದಿದವಳು. ಇನ್ನೊಬ್ಬಳು — ಪಿಯುಸಿ ಮುಗಿಸಿ, ಮದುವೆಯಾಗಿ, ಮೂರು ವರ್ಷಕ್ಕೆ ಒಂದು ಸೂಟ್‌ಕೇಸ್ ಹಿಡಿದು ಅಪ್ಪನ ಮನೆಗೇ ವಾಪಸ್ ಬಂದವಳು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಬಿಡಿಭಾಗಗಳ ಅಳತೆ ನೋಡುವವಳು. ಅವಳಿಗೆ ಒಂದು ಹೆಸರು ಬೇಕಾಗಿರಲಿಲ್ಲ. ತಟ್ಟೆ ಹಿಡಿದು ಹಿಂದೆ ನಿಂತಿದ್ದಳಲ್ಲ, ಸಾಕು.

ಅವತ್ತು ನಾನು ನಕ್ಕೆ. ನಿನ್ನ ಬಾಯಿಗೂ ಒಂದು ತುಂಡು ಇಟ್ಟೆ. ನೀನು ನನ್ನ ಕುತ್ತಿಗೆ ತಬ್ಬಿಕೊಂಡೆ, ಆಮೇಲೆ ತಬ್ಬಿಕೊಂಡ ಕೈಯಲ್ಲೇ ಭುಜದ ಮೇಲಿನ ಗಂಟು ಹುಡುಕಿ ಹೆಬ್ಬೆರಳಿಂದ ಒತ್ತತೊಡಗಿದೆ. “ಮತ್ತೆ ಕಲ್ಲಾಗಿದೆ ನೋಡಕ್ಕ ಇಲ್ಲಿ” ಎಂದೆ. ನೀನು ಕಾಲೇಜು ಸೇರಿದ ಮೊದಲ ವರ್ಷದಿಂದ ನಿನ್ನ ಪಾಠವನ್ನೆಲ್ಲ ನನ್ನ ಬೆನ್ನಿನ ಮೇಲೆಯೇ ಕಲಿತದ್ದು. ದಿನವಿಡೀ ಬಗ್ಗಿ ಅಳತೆ ನೋಡಿ ಬಂದ ಕುತ್ತಿಗೆ ನಿನ್ನ ಬೆರಳು ಬಿದ್ದ ಸ್ವಲ್ಪ ಹೊತ್ತಿಗೆ ಬಿಸಿನೀರು ಸುರಿದ ಹಾಗೆ ಹಗುರಾಗುತ್ತಿತ್ತು. ನಿನಗೆ ಕೈಗುಣ ಇದೆಯೆಂದು ಈ ಲೋಕದಲ್ಲಿ ಮೊದಲು ತಿಳಿದವಳು ನಾನು, ಪವಿ. ಇದನ್ನು ಇಲ್ಲಿ ಬರೆಯುತ್ತಿರುವುದು ಮುದ್ದಿಗಲ್ಲ. ತಿಳಿದೂ ಮಾಡಿದೆ ಎನ್ನುವುದಕ್ಕೆ.

ನೀನು ಹೋದ ನಾಲ್ಕನೆಯ ತಿಂಗಳಲ್ಲಿ ಅಪ್ಪನ ಬಲಗೈಯಿಂದ ಕಾಫಿ ಲೋಟ ಜಾರಿತು. ಬಿದ್ದ ಲೋಟವನ್ನು ಅವರು ನೋಡುತ್ತಲೇ ಇದ್ದರು, ಎತ್ತಿಕೊಳ್ಳಲು ಕೈಗೆ ಹೇಳಿದ್ದಾರೆ, ಕೈ ಕೇಳುತ್ತಿಲ್ಲ ಎನ್ನುವ ಮುಖದಲ್ಲಿ. ಬಾಯಿ ಒಂದು ಕಡೆ ಇಳಿದಿತ್ತು. ಕೆಳಮನೆಯ ಬಾಡಿಗೆಯವರು ಯಶೋದಮ್ಮ, ಅವರ ಗಂಡ ಶಿವಣ್ಣ — ಅವರಿಬ್ಬರೇ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದ್ದು, ಶಿವಣ್ಣನ ಆಟೋದಲ್ಲೇ ಆಸ್ಪತ್ರೆಗೆ ಹೋದದ್ದು. ಪಾರ್ಶ್ವವಾಯು. ಜೀವಕ್ಕೆ ಭಯವಿಲ್ಲ, ಬಲಗೈ ಬಲಗಾಲು ಹೋಗಿವೆ, ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು.

ನೀನು ಫೋನಿನಲ್ಲಿ ಅಳುತ್ತ, ನಾಳೆಯೇ ಹೊರಡುತ್ತೇನೆ ಎಂದೆ. ಮಧ್ಯದಲ್ಲಿ ಬಿಟ್ಟು ಬಂದರೆ ಸ್ಕಾಲರ್‌ಶಿಪ್ ರದ್ದಾಗುತ್ತದೆ, ಆದರೂ ಬರುತ್ತೇನೆ ಎಂದೆ.

“ಬರ್ಬೇಡ ಕಣೇ. ನಾನಿದ್ದೀನಲ್ಲ,” ಎಂದೆ ನಾನು.

ಆ ಮಾತನ್ನು ನೆಂಟರೆಲ್ಲ ಎಷ್ಟು ಕೊಂಡಾಡಿದರು. ಅಮ್ಮನಿಲ್ಲದ ಮನೆಯಲ್ಲಿ ಗಿರಿಜ ತಾಯಿ ಹಾಗೆ ನಿಂತಳು, ತಂಗಿಯ ಓದು ಕೆಡಲು ಬಿಡಲಿಲ್ಲ. ನೀನೂ ಎಷ್ಟೋ ಸಲ ಹೇಳಿದ್ದೀಯ, ಅಕ್ಕ ಅವತ್ತು ಹಾಗೆ ಹೇಳದಿದ್ದರೆ ನಾನು ಓದು ಮುಗಿಸುತ್ತಲೇ ಇರಲಿಲ್ಲ ಎಂದು. ನಿಜ ಹೇಳಲಾ? ನಿನ್ನ ಓದಿನ ನೆನಪು ಆ ಹೊತ್ತಿಗೆ ನನಗೆ ಇರಲಿಲ್ಲ. ಇದ್ದದ್ದು ಒಂದೇ — ಅಪ್ಪ ಈಗ ಹಾಸಿಗೆಯಲ್ಲಿದ್ದಾರೆ, ಅವರಿಗೆ ಈಗ ನಾನು ಬೇಕು, ನೀನು ಬಂದರೆ ಅದೂ ನಿನ್ನದಾಗುತ್ತದೆ.

ಹೀಗೆ ಯೋಚಿಸಿದವಳು ನಾನು. ಮಲಮೂತ್ರ ತೆಗೆಯುವ ಕೆಲಸವನ್ನು ಯಾರೂ ಕಿತ್ತುಕೊಳ್ಳದಿರಲಿ ಎಂದು ಹೊಟ್ಟೆಕಿಚ್ಚುಪಟ್ಟವಳು.

ಅಪ್ಪ ಮನೆಗೆ ಬಂದ ವಾರ ನೀನು ಹಾಳೆ ಕಳಿಸಿದೆ. ಎಡಗಡೆ ವ್ಯಾಯಾಮಗಳ ಹೆಸರು, ನೀನೇ ಬರೆದ ಚಿತ್ರಗಳು, ಮೇಲೆ ತಾರೀಖು. ಭುಜ ಎತ್ತುವುದು, ಮೊಣಕೈ ಚಾಚುವುದು, ಮಣಿಕಟ್ಟು ತಿರುಗಿಸುವುದು, ಬೆರಳು ಒಂದೊಂದಾಗಿ ಬಿಡಿಸುವುದು. ಬೆಳಗ್ಗೆ, ಸಂಜೆ, ಊಟವಾದ ಮೇಲೆ. ಪ್ರತಿಯೊಂದೂ ಇಪ್ಪತ್ತು ಸಲ. “ಕಾಲು ಓಡಾಡ್ತಾ ಓಡಾಡ್ತಾ ಬರುತ್ತೆ ಅಕ್ಕ, ಕೈದೇ ಕಷ್ಟ. ಮೊದಲ ಆರು ತಿಂಗಳು ಬಿಟ್ರೆ ಆಮೇಲೆ ಕೈ ನಮ್ಮ ಮಾತು ಕೇಳಲ್ಲ,” ಎಂದೆ. ವಿಡಿಯೋದಲ್ಲಿ ನಿನ್ನ ಜೊತೆ ಓದುವ ಹುಡುಗಿಯೊಬ್ಬಳನ್ನು ಅಪ್ಪನ ಹಾಗೆ ಕೂರಿಸಿ, ಹಿಡಿಯುವುದು ಹೇಗೆಂದು ತೋರಿಸಿದೆ. ಒಂದು ಕೈ ಮೊಣಕೈ ಕೆಳಗೆ, ಒಂದು ಕೈ ಮಣಿಕಟ್ಟಿಗೆ.

“ಬಿಡ್ಬೇಡ ಅಕ್ಕ, ಆದ್ರೆ ಬಿಟ್ಟೋಳ ಥರ ಇರು. ಭಾರ ಅವ್ರೇ ಹೊರ್ಬೇಕು. ಬೀಳೋಕೆ ಮಾತ್ರ ಬಿಡ್ಬಾರ್ದು.”

ಹಾಗೆಯೇ ಮಾಡಿದೆ. ಆ ಹದಿನಾಲ್ಕು ದಿನ ನಾನು ಒಳ್ಳೆಯವಳಾಗಿದ್ದೆ, ಪವಿ. ಬೇಗ ಎದ್ದು ಅಪ್ಪನ ಮುಖ ತೊಳೆಸಿ, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಅವರ ಕೈ ಮೊದಲು ಹಸಿ ಹಿಟ್ಟಿನ ಹಾಗಿತ್ತು. ಎಣಿಕೆ ತಪ್ಪಿದರೆ ಅವರೇ ಎಡಗೈ ಬೆರಳಲ್ಲಿ ತೋರಿಸುತ್ತಿದ್ದರು, ಹದಿಮೂರಲ್ಲ, ಹನ್ನೆರಡು ಎಂದು. ನಾವಿಬ್ಬರೂ ಅಷ್ಟು ಹತ್ತಿರ ಎಂದೂ ಕೂತಿರಲಿಲ್ಲ. ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಹತ್ತನೆಯ ದಿನದ ಹೊತ್ತಿಗೆ ಮೊಣಕೈಯ ಒಳಗೆ ಏನೋ ಹಗ್ಗ ಬಿಗಿದ ಹಾಗೆ ಒಂದು ಸಣ್ಣ ಬಲ ನನ್ನ ಅಂಗೈಗೆ ತಿಳಿಯತೊಡಗಿತು. ನಿನಗೆ ಹೇಳಲಿಲ್ಲ. ಇನ್ನೂ ಸ್ವಲ್ಪ ಆಗಲಿ ಎಂದುಕೊಂಡೆ.

ಹದಿನಾಲ್ಕನೆಯ ದಿನ, ಗುರುವಾರ. ಕಾರ್ಖಾನೆಯಿಂದ ಬಂದು, ಹಗಲು ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಯಶೋದಮ್ಮನನ್ನು ಕೆಳಗೆ ಕಳಿಸಿ, ಕಾಲು ತೊಳೆದು ಶುರು ಮಾಡಿದೆ. ಏಳನೆಯ ಎಣಿಕೆಯೋ ಎಂಟನೆಯದೋ — ಅವರ ಕೈ ನನ್ನ ಕೈಯಿಂದ ಎದ್ದಿತು. ನಾನು ಎತ್ತಲಿಲ್ಲ. ಅದೇ ಎದ್ದಿತು. ನಡುಗುತ್ತ, ನಿಂತು, ಮತ್ತೆ ನಡುಗುತ್ತ ಮೇಲೆ ಹೋಗಿ, ಬೆರಳುಗಳ ಹಿಂಬದಿ ಅವರ ಗಲ್ಲಕ್ಕೆ ತಾಗಿತು. ಬೋಳಿಸದ ಗಡ್ಡದ ಮೇಲೆ ಬೆರಳು ಉಜ್ಜಿದ ಸದ್ದು ಕೇಳಿತು ನನಗೆ. ಅಪ್ಪ ಸೊಟ್ಟ ಬಾಯಲ್ಲೇ ನಕ್ಕರು. ನನ್ನ ಕೈ ಇನ್ನೂ ಅವರ ಮೊಣಕೈ ಕೆಳಗೇ ಇತ್ತು. ಮುಟ್ಟದೆ, ಎರಡು ಬೆರಳಷ್ಟು ಕೆಳಗೆ, ಬಿದ್ದರೆ ಹಿಡಿಯಲು. ನನಗೆ ಅಳು ಬಂತು. “ಅಪ್ಪಾ” ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಟೇಬಲ್ಲಿನ ಮೇಲಿದ್ದ ಫೋನಿನ ಕಡೆ ತಿರುಗಿದರು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಾತೂ ಸರಿಯಾಗಿ ಹೊರಟಿರಲಿಲ್ಲ ಅವರ ಬಾಯಿಂದ. ಅವತ್ತು ಹೊರಟಿತು.

“ಪ... ಪವಿ. ಪವೀಗ್ ತೋರ್ಸು.”

ಪವಿ, ಆ ಕ್ಷಣವನ್ನು ನಾನು ಎಷ್ಟು ಸಲ — ಇರಲಿ. ಕಾಯಿಲೆಯ ಮನುಷ್ಯ, ಮಗು ಓಡಿ ಬಂದು ತೋರಿಸುವಂತೆ, ನೋಡದವಳಿಗೆ ತೋರಿಸು ಎಂದರು. ನಾನು ನೋಡಿಯಾಗಿತ್ತಲ್ಲ, ನನಗೆ ತೋರಿಸುವುದೇನಿದೆ? ಇದು ಈಗ ಅರ್ಥವಾಗುತ್ತದೆ. ಅವತ್ತು ಅನಿಸಿದ್ದು ಇಷ್ಟೇ: ಹದಿನಾಲ್ಕು ದಿನ ಎತ್ತಿದ್ದು ನಾನು. ಎದ್ದದ್ದು ನಿನಗಾಗಿ.

“ಫೋನಲ್ಲಿ ಚಾರ್ಜಿಲ್ಲಪ್ಪ,” ಎಂದೆ.

ಚಾರ್ಜ್ ಇತ್ತು.

ಅವರ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿ, ಎದ್ದು ಹೋಗಿ ಅನ್ನಕ್ಕೆ ಇಟ್ಟೆ. ಊಟವಾದ ಮೇಲಿನ ಸರದಿ ಮಾಡಿಸಲಿಲ್ಲ. ಗುರುತು ಮಾತ್ರ ಹಾಕಿದೆ. ಮಾರನೆಯ ಬೆಳಗ್ಗೆ ಅವರು ಸ್ಟೂಲಿನ ಕಡೆ ನೋಡಿದರು. ನನಗೆ ಲೇಟಾಯ್ತು ಎಂದೆ. ಸಂಜೆ ನೋಡಿದರು. ಬೆನ್ನು ನೋವು ಎಂದೆ. ಒಂದು ವಾರ ಹಾಗೆ ಸ್ಟೂಲಿನ ಕಡೆ ನೋಡುತ್ತಿದ್ದರು. ಆಮೇಲೆ ಬಿಟ್ಟರು.

ಅವರ ಕೈ ಕೆಡಲಿ ಎಂದು ನಾನು ಬಯಸಲಿಲ್ಲ. ಇದೊಂದನ್ನು ನಂಬಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದರೆ ಅಂದುಕೊಂಡದ್ದು ನಾಲ್ಕು ದಿನ, ಕೋಪ ಆರುವತನಕ. ಅವರಾಗಿ ಒಂದು ಸಲ ನನ್ನ ಹೆಸರು ಹಿಡಿದು ಕರೆಯಲಿ, ಗಿರಿಜಾ ಬಾರೆ, ಕೈ ಎತ್ತಿಸು ಅನ್ನಲಿ — ಅಲ್ಲಿಯವರೆಗೆ. ಮಾತು ಬಾರದ ಮನುಷ್ಯನ ಬಾಯಿಂದ ನನ್ನ ಹೆಸರು ಕೇಳಬೇಕೆಂದು ಕಾಯುತ್ತಾ ಕೂತೆ. ಕೈ ಕಾಯಲಿಲ್ಲ.

ಆ ಭಾನುವಾರ ನೀನು ಫೋನ್ ಮಾಡಿದಾಗ “ಅಪ್ಪ ಮಲ್ಗವ್ರೆ ಕಣೇ” ಎಂದೆ. ಅವರು ಪಕ್ಕದ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡಿದ್ದರು. “ಎಬ್ಬಿಸ್ಬೇಡ ಬಿಡು ಅಕ್ಕ, ನಿದ್ದೆ ಬರ್ಲಿ,” ಎಂದೆ ನೀನು. ಅದರ ಮುಂದಿನ ಭಾನುವಾರವೂ ನಾನು ಅದೇ ಸುಳ್ಳು ಹೇಳಿದೆ. ಮೂರನೆಯ ಭಾನುವಾರದ ಹೊತ್ತಿಗೆ ಕೈ ಊದಿಕೊಂಡಿತ್ತು, ಭುಜ ಹಿಡಿದುಕೊಂಡಿತ್ತು. “ಎತ್ತಪ್ಪಾ, ಒಂದ್ಸಲ ನಂಗೋಸ್ಕರ,” ಎಂದು ನೀನು ಪರದೆಯಲ್ಲಿ ಕೈ ಎತ್ತಿ ತೋರಿಸಿದೆ. ಅವರು ಎತ್ತಲು ನೋಡಿದರು. ಎದೆಯ ಮಟ್ಟಕ್ಕೂ ಬರಲಿಲ್ಲ. ಗಲ್ಲ ಮುಟ್ಟಿದ ಕೈಯನ್ನು ನೀನು ನೋಡಲೇ ಇಲ್ಲ. ಅದು ಎದ್ದದ್ದು ಅಪ್ಪನಿಗೆ ಗೊತ್ತು, ನನಗೆ ಗೊತ್ತು.

ಸುಳ್ಳು ಹಾಳೆ ಬರೆಯುವುದನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಗಂಟೆಗೊಮ್ಮೆ ಐದು ಪೀಸ್ ಅಳೆದು ಹಾಳೆಯಲ್ಲಿ ಬರೆಯಬೇಕು. ಒತ್ತಡವಿದ್ದ ದಿನ ಯಾರೂ ಅಳೆಯುವುದಿಲ್ಲ. ಪಾಳಿ ಮುಗಿಯುವಾಗ ಎಂಟೂ ಗಂಟೆಯ ಅಳತೆಗಳನ್ನು ಒಟ್ಟಿಗೆ ತುಂಬುತ್ತೇವೆ. ಸೇರಿದ ಹೊಸದರಲ್ಲಿ ಹಿರಿಯವಳು ಜಯಮ್ಮ ಹೇಳಿಕೊಟ್ಟಿದ್ದಳು: “ಎಲ್ಲಾ ಸರಿ ಅಂತ ಬರೀಬ್ಯಾಡ ಕಣಮ್ಮಿ, ಆಡಿಟ್‌ನೋರಿಗೆ ಅನ್ಮಾನ ಬತ್ತದೆ. ಅಲ್ಲೊಂದು ಇಲ್ಲೊಂದು ಏರುಪೇರು ಹಾಕು. ಪೆನ್ನು ಬದಲಾಯ್ಸು.” ಅದನ್ನೇ ಅಪ್ಪನ ಹಾಳೆಗೂ ಮಾಡಿದೆ. ಒಂದು ದಿನ ನೀಲಿ ಪೆನ್ನು, ಒಂದು ದಿನ ಕಪ್ಪು. ಒಂದೊಂದು ಮನೆ ಖಾಲಿ ಬಿಟ್ಟು ಪಕ್ಕದಲ್ಲಿ ‘ಜ್ವರ ಇತ್ತು’, ‘ನೋವು ಅಂದರು, ಹನ್ನೆರಡಕ್ಕೆ ನಿಲ್ಲಿಸಿದೆ’. ಭಾನುವಾರ ಫೋಟೋ ತೆಗೆದು ನಿನಗೆ ಕಳಿಸುತ್ತಿದ್ದೆ.

ನೀನು ಆ ಹಾಳೆಗಳನ್ನು ಮುದ್ರಿಸಿ ನಿಮ್ಮ ಮೇಡಂಗೆ ತೋರಿಸಿದೆ. ಅಲ್ಲಿ ಕಲಿಯುತ್ತಿದ್ದುದೇ ಅದನ್ನಲ್ಲವೇ — ದೂರದಲ್ಲಿದ್ದು ಮನೆಯವರ ಕೈಯಿಂದ ಚಿಕಿತ್ಸೆ ಮಾಡಿಸುವುದು. “ಇಷ್ಟು ಪ್ರಾಮಾಣಿಕವಾಗಿ ಬರೆಯೋ ಮನೆಯವ್ರನ್ನ ನೋಡೇ ಇಲ್ಲ ಅಂದ್ರು ಅಕ್ಕ. ತಪ್ಪಿದ ದಿನಾನೂ ಬರ್ದಿದ್ದಾರಲ್ಲ ಅಂದ್ರು!” ಎಂದು ನೀನು ಕೂಗಿ ಹೇಳಿದಾಗ ಹಿಂದೆ ಯಾರೋ ನಗುವುದು ಕೇಳುತ್ತಿತ್ತು. ನನಗೆ ನಾಚಿಕೆಯಾಯಿತೇ? ಇಲ್ಲ. ಆ ದಿನ — ಇದನ್ನು ಬರೆಯಲೇಬೇಕು — ನನಗೆ ಹೆಮ್ಮೆಯಾಯಿತು. ಸ್ಕಾಟ್ಲೆಂಡಿನಲ್ಲಿ ಒಬ್ಬರು ನನ್ನ ಬಗ್ಗೆ ಮಾತಾಡಿದರಲ್ಲ.

ಒಂದು ಭಾನುವಾರ ನೀನು ಅಪ್ಪನನ್ನೇ ಕೇಳಿದೆ. “ಅಪ್ಪಾ, ಅಕ್ಕ ದಿನಾ ಮಾಡಿಸ್ತಾಳಾ?” ಫೋನ್ ಹಿಡಿದಿದ್ದವಳು ನಾನು. ಪರದೆಯ ಅಂಚಿನ ಮೇಲಿಂದ ಅಪ್ಪ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ನಿನ್ನ ಕಡೆ ತಿರುಗಿ ತಲೆ ಆಡಿಸಿದರು. ಹೂಂ, ಮಾಡಿಸ್ತಾಳೆ.

ಯಾಕೆ ತಲೆ ಆಡಿಸಿದರು? ನನ್ನನ್ನು ಬಿಟ್ಟುಕೊಡಬಾರದೆಂದೋ? ಅಥವಾ ಅನ್ನ ಕಲಸಿ ತಿನ್ನಿಸುವವಳು, ತೊಳೆಯುವವಳು ಇವಳೇ, ಇವಳನ್ನು ಎದುರು ಹಾಕಿಕೊಂಡರೆ — ಎಂದೋ? ಮೊದಲನೆಯದಾಗಿದ್ದರೆ ನಾನು ಬೇಡಿದ್ದು ನನಗೆ ಸಿಕ್ಕಿಯೇ ಇತ್ತು. ಎರಡನೆಯದಾಗಿದ್ದರೆ ನನ್ನ ತಂದೆ ನನಗೆ ಹೆದರುತ್ತಿದ್ದರು. ಅವರಿದ್ದಾಗ ಕೇಳಬಹುದಾಗಿತ್ತು. ಆಮೇಲೆ ಅವರಿಗೆ ಮಾತು ಸುಮಾರಾಗಿ ಬಂದಿತ್ತಲ್ಲ, ನಿಧಾನಕ್ಕೆ ಹೇಳುತ್ತಿದ್ದರು. ಕೇಳಲು ಧೈರ್ಯ ಬರಲಿಲ್ಲ. ಈಗ ಎರಡೂ ಉತ್ತರ ಇಟ್ಟುಕೊಂಡು ಓಡಾಡುತ್ತೇನೆ.

ಮೂರನೆಯ ತಿಂಗಳಲ್ಲಿ ಒಂದು ದಿನ ನನಗೇ ಭಯವಾಗಿ ಸ್ಟೂಲ್ ಎಳೆದುಕೊಂಡು ಕೂತೆ. ಭುಜ ಎತ್ತಲು ಹೋದಾಗ ಅಪ್ಪ ಕಿರುಚಿದರು. ಕೆಳಗಿನಿಂದ ಯಶೋದಮ್ಮ ಓಡಿ ಬಂದರು. ಕೈ ಬಿಟ್ಟೆ. ಆಗಲಾದರೂ ನಿನಗೆ ಹೇಳಿದ್ದರೆ ನೀನು ಯಾರನ್ನೋ ಕಳಿಸುತ್ತಿದ್ದೆ, ಏನೋ ಹೇಳಿಕೊಡುತ್ತಿದ್ದೆ. ಇನ್ನೂ ಸಮಯವಿತ್ತು. ನಾನು ಹಾಳೆಯಲ್ಲಿ ‘ಭುಜದ ನೋವು ಇದೆ’ ಎಂದು ಬರೆದು ಇಪ್ಪತ್ತು ಸಲ ಎಂದು ಗುರುತು ಹಾಕಿದೆ.

ಏಳು ತಿಂಗಳಾದ ಮೇಲೆ ನೀನೇ ನಿಲ್ಲಿಸಿದೆ. “ಸಾಕು ಅಕ್ಕ. ನೀನು ಇಷ್ಟು ಮಾಡ್ಸಿನೂ ಬರ್ಲಿಲ್ಲ ಅಂದ್ರೆ ನಾನು ಹೇಳ್ಕೊಟ್ಟಿದ್ದೇ ತಪ್ಪು. ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ.” ನಿನ್ನ ದನಿ ಸಣ್ಣದಾಗಿತ್ತು. “ನಿನ್ ತಪ್ಪೇನಿಲ್ಲ ಕಣೇ, ವಯಸ್ಸಾಯ್ತು ಅಪ್ಪಂಗೆ,” ಎಂದೆ. ಎಷ್ಟು ಒಳ್ಳೆಯ ಅಕ್ಕನ ಮಾತು ಅದು, ನೋಡು.

ಓದು ಮುಗಿಸಿ ಬಂದ ದಿನ ನೀನು ಬ್ಯಾಗು ಕೆಳಗಿಡುವ ಮುಂಚೆ ಅಪ್ಪನ ಬಲಗೈ ಹಿಡಿದೆ. ಕೈ ಎದೆಗೆ ಅಂಟಿ, ಬೆರಳು ಮುಷ್ಟಿಯಾಗಿ, ಉಗುರು ಅಂಗೈಗೆ ಇಳಿದಿತ್ತು. ನಿನ್ನ ಬೆರಳುಗಳು ಅವರ ಭುಜದ ಸುತ್ತ ನಿಧಾನಕ್ಕೆ ಹೋಗಿ ಒಂದು ಕಡೆ ನಿಂತವು. ನೀನು ಕಣ್ಣು ಮುಚ್ಚಿಕೊಂಡೆ. ನಾನು ಬಾಗಿಲಲ್ಲಿ ನಿಂತಿದ್ದೆ. ಈ ಹುಡುಗಿಯ ಕೈಗೆ ಎಲ್ಲ ತಿಳಿದುಹೋಯಿತು, ಈಗ ತಿರುಗಿ ನನ್ನನ್ನು ಕೇಳುತ್ತಾಳೆ ಎಂದುಕೊಂಡೆ. ನೀನು ತಿರುಗಿ, “ಎಷ್ಟು ಕಷ್ಟಪಟ್ಟಿದ್ದೀಯ ಅಕ್ಕ” ಎಂದೆ. ನಿನ್ನ ಕೈಗೆ ತಿಳಿದಿತ್ತು, ಪವಿ. ನೀನು ನಿನ್ನ ಕೈಯ ಮಾತು ಬಿಟ್ಟು ನನ್ನ ಹಾಳೆಯನ್ನು ನಂಬಿದೆ.

ನೀನು ಇಲ್ಲಿ ಎಂಟು ತಿಂಗಳು ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಆಮೇಲೆ ಅದನ್ನು ಬಿಟ್ಟೆ. ನನ್ನ ಮನೆಯಲ್ಲೇ ಆಗದ್ದನ್ನು ಬೇರೆಯವರಿಗೆ ಆಗುತ್ತದೆಂದು ಯಾವ ಬಾಯಲ್ಲಿ ಹೇಳಲಿ ಎಂದೆ. ಈಗ ಪಟ್ಟಂದೂರು ಅಗ್ರಹಾರದಲ್ಲಿ ಒಂದು ರೂಮು, ಪಕ್ಕದ ಐಟಿ ಪಾರ್ಕಿನಲ್ಲಿ ಕೆಲಸ. ಅಮೆರಿಕದ ಯಾರದೋ ಮಂಡಿ, ಯಾರದೋ ಸೊಂಟ, ಅವರ ವಿಮೆಯ ಕಾಗದಗಳನ್ನು ಕಂಪ್ಯೂಟರಿನಲ್ಲಿ ಓದಿ ಚಿಕಿತ್ಸೆ ಸರಿಯೋ ತಪ್ಪೋ ನೋಡುತ್ತೀಯ. ಯಾರ ಮೈಯನ್ನೂ ಮುಟ್ಟುವುದಿಲ್ಲ.

ನೀನು ಆ ಕೆಲಸಕ್ಕೆ ಸೇರಿದ ದಿನ ನನಗೆ ಏನನಿಸಿತು ಎನ್ನುವುದನ್ನೂ ಬರೆದುಬಿಡುತ್ತೇನೆ. ಹಗುರಾಯಿತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಬೆಳಗ್ಗೆ ಬಸ್ಸು ಹತ್ತುವವಳು ನಾನು, ಇನ್ನು ಮೇಲೆ ನೀನೂ. ಇಬ್ಬರೂ ಬೇರೆಯವರು ಮಾಡಿದ್ದನ್ನು ಪರೀಕ್ಷೆ ಮಾಡುವವರು. ಈಗ ಸಮವಾಯಿತು ಎಂದುಕೊಂಡೆ. ಸಮವಾಯಿತು ಎಂದುಕೊಂಡ ಸಂತೋಷ ಎಷ್ಟು ದಿನ ಇತ್ತೋ ನೆನಪಿಲ್ಲ. ಇತ್ತು ಎನ್ನುವುದು ನೆನಪಿದೆ.

ಅಪ್ಪ ಹೋದ ಬೆಳಗ್ಗೆ ನೀನು ಬಂದು ತಲುಪುವ ಹೊತ್ತಿಗೆ ಸ್ನಾನ ಮಾಡಿಸಲು ಹೆಂಗಸರು ನೀರು ಇಟ್ಟಿದ್ದರು. ಆ ಮುಷ್ಟಿ ಅರ್ಧ ಸಡಿಲಾಗಿತ್ತು. ಮೂರು ವರ್ಷ ತೊಳೆಯಲು ನಾನು ಒಂದೊಂದೇ ಬೆರಳು ಬಿಡಿಸಿ ಒದ್ದಾಡುತ್ತಿದ್ದ ಕೈ, ತಾನೇ ಬಿಟ್ಟುಕೊಂಡಿತ್ತು. ನೀನು ನಿನ್ನ ಅಂಗೈಯನ್ನು ಅದರೊಳಗೆ ಇಟ್ಟು ಕೂತೆ. “ನನ್ ಕೈಲಿ ಆಗ್ಲಿಲ್ಲ ಅಕ್ಕ. ಸಾವಿನ ಕೈಲಿ ಆಯ್ತು.” ನನ್ನ ಪಕ್ಕದಲ್ಲಿದ್ದ ಚಿಕ್ಕಮ್ಮ ಜೋರಾಗಿ ಅತ್ತರು. ಅವತ್ತು ನಾನು ಹೇಳಬೇಕಾಗಿತ್ತು. ಅಪ್ಪನ ಹೆಣದ ಮುಂದೆ, ಅಷ್ಟು ಜನರ ಎದುರಿಗೆ, ಇಲ್ಲ ಪವಿ, ನಿನ್ನ ಕೈಯಲ್ಲಿ ಆಗಿತ್ತು, ಹದಿನಾಲ್ಕು ದಿನಕ್ಕೇ ಆಗಿತ್ತು ಎಂದು ಕೂಗಬೇಕಾಗಿತ್ತು. ನಾನು ಅರಿಶಿನದ ನೀರು ಬೆರೆಸಲು ಒಳಗೆ ಹೋದೆ.

ಈಗಲೂ ಹೇಳುತ್ತಿರಲಿಲ್ಲವೇನೋ. ಹೋದ ಭಾನುವಾರ ನೀನು ಬಂದಾಗ ಮೆಟ್ಟಿಲ ಬಳಿ ಯಶೋದಮ್ಮ ನಿನ್ನನ್ನು ನಿಲ್ಲಿಸಿದರು. ಶಿವಣ್ಣನಿಗೆ ಪಾರ್ಶ್ವವಾಯು ಹೊಡೆದು ಮೂರು ವಾರ. ಅವರಿಗೂ ಬಲಗಡೆಯೇ. ಆಟೋ ಗೇಟಿನ ಹೊರಗೆ ನಿಂತಲ್ಲೇ ನಿಂತಿದೆ.

“ಪವಿತ್ರಕ್ಕಾ, ನೀವು ಒಂದ್ಕಿತ ಅವ್ರ ಕೈ ಮುಟ್ಟಿ ನೋಡ್ರಕ್ಕ. ಫಾರಿನ್ನಾಗೆ ಓದ್ಕಂಡ್ ಬಂದೋರು ನೀವು.”

ನೀನು ಅವರ ಕೈ ಹಿಡಿದುಕೊಂಡು ಹೇಳಿದೆ: “ಬೇಡ ಯಶೋದಕ್ಕ. ನಂಗೆ ಕೈಗುಣ ಇಲ್ಲ. ನಮ್ಮಪ್ಪಂದು ನೋಡಿದ್ರಲ್ಲ. ನಾನು ಮುಟ್ಟಿದ್ದು ಏಳಲ್ಲ. ಬೇರೆ ಯಾರಾದ್ರೂ ಒಳ್ಳೆಯೋರನ್ನ ಹುಡುಕ್ಕೊಡ್ತೀನಿ.”

ನಾನು ಮೇಲಿನಿಂದ ಕೇಳಿಸಿಕೊಂಡೆ. ನೀನು ಎಂದಿನ ಹಾಗೆ ಮೇಲೆ ಬಂದು, ಮೊಸರು ಇದೆಯಾ ಅಕ್ಕ ಎಂದು ಕೇಳಿ, ಊಟ ಮಾಡಿ, ಸಂಜೆ ಮೆಟ್ರೋ ಹತ್ತಿ ಹೋದೆ. ಹೋಗುವಾಗ ಕೆಳಮನೆಯ ಬಾಗಿಲ ಕಡೆ ನೋಡದೆ ಗೇಟು ತೆಗೆದೆ.

ಎರಡು ದಿನ ಬಿಟ್ಟು, ಮಂಗಳವಾರ ಕೆಲಸಕ್ಕೆ ರಜೆ ಹಾಕಿ ಕೆಳಗೆ ಹೋದೆ. ಯಶೋದಮ್ಮ ಗಂಡನಿಗೆ ಗಂಜಿ ಕುಡಿಸುತ್ತಿದ್ದರು. ಇಡೀ ಬೀದಿಗೆ ನಾನು ಅಪ್ಪನನ್ನು ಮಗನ ಹಾಗೆ ನೋಡಿಕೊಂಡವಳು. ಹಾಗೆಂದು ಎಲ್ಲರಿಗೂ ಹೇಳಿಕೊಂಡು ಬಂದವರೇ ಯಶೋದಮ್ಮ. ಅವರಿಗೆ ಎಲ್ಲ ಹೇಳಿದೆ. ಹಾಳೆಯ ವಿಷಯ, ಹದಿನಾಲ್ಕನೆಯ ದಿನದ ವಿಷಯ, ಗಲ್ಲಕ್ಕೆ ತಾಗಿದ ಕೈ, ಚಾರ್ಜಿದ್ದ ಫೋನು. ಪವಿಯ ಕೈಯಲ್ಲಿ ಏನೂ ದೋಷವಿಲ್ಲ, ದೋಷ ನನ್ನದು ಎಂದೆ. ಬೈಯುತ್ತಾರೆ, ಥೂ ಅನ್ನುತ್ತಾರೆ, ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ ಎಂದು ಗಟ್ಟಿಮಾಡಿಕೊಂಡು ನಿಂತಿದ್ದೆ.

ಅವರು ಗಂಜಿಯ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಕೇಳಿದರು:

“ಅಂಗಾರೆ ಪವಿತ್ರಕ್ಕ ಬತ್ತಾರಾ?”

ಅಷ್ಟೇ ಕೇಳಿದರು. ನನ್ನ ಪಾಪ ಅವರಿಗೆ ಬೇಕಾಗಿರಲಿಲ್ಲ. ನಾನು ನಾಲ್ಕು ವರ್ಷ ಹೊತ್ತು ತಿರುಗಿದ್ದನ್ನು ಇಳಿಸಿದರೆ ಅವರು ಅದನ್ನು ದಾಟಿ ನಿನ್ನನ್ನು ಕೇಳಿದರು. ಶಿವಣ್ಣನೂ ಮಂಚದಿಂದ ನನ್ನ ಮುಖ ನೋಡುತ್ತಿದ್ದರು, ನಾನೇನೋ ಉತ್ತರ ಹೇಳಬಲ್ಲೆ ಎಂಬಂತೆ. ಅವತ್ತು ಮೊದಲ ಸಲ, ಜನ ನಿನ್ನನ್ನು ಕೇಳಿದಾಗ, ನನ್ನೊಳಗೆ ಏನೂ ಉರಿಯಲಿಲ್ಲ. ಅದಕ್ಕೆ ಇಷ್ಟು ಬೆಲೆ ತೆರಬೇಕಾಯಿತು, ತೆತ್ತವಳು ನಾನಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಅದನ್ನು ಬರೆದರೆ ನೀನು ಉತ್ತರ ಕೊಡಬೇಕಾಗುತ್ತದೆ. ನಿನಗೆ ತಿಳಿಯಬೇಕಾದದ್ದು ಒಂದೇ: ನೀನು ಹೇಳಿಕೊಟ್ಟದ್ದು ಸರಿಯಾಗಿತ್ತು, ಅದು ನನ್ನಂಥವಳ ಒರಟು ಕೈಯಲ್ಲೂ ಕೆಲಸ ಮಾಡಿತು, ನಾನು ಕಣ್ಣಾರೆ ನೋಡಿದೆ. ಶಿವಣ್ಣನಿಗೆ ಈ ವಾರಕ್ಕೆ ಒಂದು ತಿಂಗಳಾಗುತ್ತದೆ. ಇನ್ನೂ ಐದು ತಿಂಗಳಿದೆ.

ಈ ಭಾನುವಾರ ಬಾ. ಗೇಟಿಗೆ ಚಿಲಕ ಹಾಕಿರುವುದಿಲ್ಲ. ಕೆಳಮನೆಗೆ ಹೋದರೆ ಸಾಕು. ಮೆಟ್ಟಿಲು ಹತ್ತಿ ಮೇಲೆ ಬಾ ಎಂದು ನಾನು ಕರೆಯುವುದಿಲ್ಲ.